ಪೆಟ್ರೋಲಿನ ದಾರಿಯಲ್ಲೊಂದು ಸೋಸುಕ

ಗದಗದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿ ನರೇಗಲ್ಲು ಸಿಗುತ್ತದೆ. ಸುತ್ತಲೂ ಎರೆಯ ಹೊಲ. ಕಡಲೆ, ಬಿಳಿಜೋಳಗಳ ಸುಗ್ಗಿ ಮುಗಿದು ಚೈತ್ರ ಕಾಲಿಟ್ಟಿತೆಂದರೆ ಆ ಭೂಮಿ ಬಾಯಿ ಬಿಡುತ್ತದೆ. ಹೊಲದ ದಾರಿಯಲ್ಲಿ ಮುಂದೊಂದು ಗಾಡಿ ಹೋದರೆ ಹಿಂದಿನವನಿಗೆ ಧೂಳಲ್ಲದೆ ಬೇರೇನೂ ಕಾಣುವದಿಲ್ಲ. ಇಂಥ ಸೀಮೆಯಲ್ಲಿ ಹಳೆಯ ಪೆಟ್ರೋಲು ಕಾರು ಇಟ್ಟುಕೊಂಡವರಿಗೆ ಒಂದು ಅನುಭವ ಹೊಸದಲ್ಲ. ಊರೊಳಗೆ ಮೆಲ್ಲಗೆ ಓಡಿಸುವ ತನಕ ಕಾರು ಸುಮ್ಮನೆ ಓಡುತ್ತದೆ. ಗುಡ್ಡದ ಏರು ಬಂದು ಕಾಲನ್ನು ಪೂರ್ತಿ ಒತ್ತಿದಿರೋ, ಕೆಮ್ಮುತ್ತದೆ, ಜಗ್ಗುತ್ತದೆ, ನಿಂತೇಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ.

"ಪೆಟ್ರೋಲಿನೊಳಗೆ ಕಸ ಬಂದದ, ಒಂದು ಫಿಲ್ಟರು ಹಾಕಿಬಿಡೋಣ" ಎನ್ನುತ್ತಾನೆ ಮಿಸ್ತ್ರಿ. ಅಂಗಡಿಯಲ್ಲಿ ಬೆರಳುದ್ದದ ಡಬ್ಬಿಯೊಂದು ಸಿಗುತ್ತದೆ. ನಳಿಗೆಯನ್ನು ನಡುವೆ ಕೊಯ್ದು ಅದನ್ನು ಸೇರಿಸಿದರೆ ಮುಗಿಯಿತು. ಕೆಲಸ ಅರ್ಧ ಗಂಟೆಯದು. ಆದರೆ ಈ ಅರ್ಧ ಗಂಟೆಯಲ್ಲಿ ಎಂಜಿನ್ನನ್ನು ಉಳಿಸಲೂ ಬಹುದು, ಕೆಡಿಸಲೂ ಬಹುದು, ಕಾರಿಗೇ ಬೆಂಕಿ ಹಚ್ಚಲೂ ಬಹುದು. ಅದರಲ್ಲಿಯೂ ಎಂಜಿನ್ನಿನ ಬಲವನ್ನು ಹೆಚ್ಚಿಸಿಕೊಂಡು ವೇಗಕ್ಕಾಗಿ ಸಜ್ಜು ಮಾಡಿದ ಕಾರಾದರೆ ಈ ಮೂರು ಸಾಧ್ಯತೆಗಳೂ ಇನ್ನಷ್ಟು ಹತ್ತಿರ ಬರುತ್ತವೆ. ಆದುದರಿಂದ ಈ ಸಣ್ಣ ಡಬ್ಬಿಯ ವಿಷಯವನ್ನು ಕೊಂಚ ನಿಧಾನವಾಗಿ ವಿಚಾರಿಸೋಣ.

ಪೆಟ್ರೋಲಿನ ದಾರಿ ಸರಳವಾದುದು. ಹಿಂದೆ ಟಾಕಿ, ಅಲ್ಲಿಂದ ನಳಿಗೆ, ನಡುವೆ ಪಂಪು, ಕೊನೆಗೆ ಎಂಜಿನ್ನು. ಸುಮಾರು 2000ದ ಆಚೀಚಿನ ತನಕ ನಮ್ಮ ದೇಶದ ಬಹುತೇಕ ಕಾರುಗಳಲ್ಲಿ ಎಂಜಿನ್ನಿನ ಬಾಗಿಲಲ್ಲಿ ಕಾರ್ಬುರೇಟರು ಕುಳಿತಿರುತ್ತಿತ್ತು. ಅದರ ಮುಖ್ಯ ತೂತು ಸುಮಾರು ಒಂದು ಮಿಲಿಮೀಟರಿನದು. ಆಮೇಲೆ ಬಂದ ಇಂಜೆಕ್ಷನ್ನಿನ ಕಾರುಗಳಲ್ಲಿ ಒತ್ತಡದಿಂದ ಪೆಟ್ರೋಲನ್ನು ಸಿಂಪಡಿಸುವ ಚುಚ್ಚುಗೊಳವೆಗಳಿವೆ. ಅವುಗಳ ತೂತುಗಳು ಕಾರ್ಬುರೇಟರಿನದಕ್ಕಿಂತಲೂ ಬಹಳ ಸಣ್ಣವು, ಒಳಗಿನ ಸೂಜಿ ಆಡುವ ಸಂದಂತೂ ಇನ್ನೂ ಸಣ್ಣದು. ಕಸ ಹೋಗಿ ಸಿಕ್ಕಿಕೊಳ್ಳುವದು ಇಲ್ಲಿಯೇ.

ಆ ಕಸ ಬರುವದೆಲ್ಲಿಂದ? ನಾವು ಕೂಡಲೇ ಪೆಟ್ರೋಲು ಪಂಪಿನವರ ಕಡೆಗೆ ಬೆರಳು ತೋರಿಸುತ್ತೇವೆ. ಬಹಳ ಸಲ ಕಸ ನಮ್ಮ ಮನೆಯದೇ. ತಗಡಿನ ಹಳೆಯ ಟಾಕಿಯ ಒಳಮೈಗೆ ತುಕ್ಕು ಹಿಡಿದಿರುತ್ತದೆ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿದಾಗ ಪೆಟ್ರೋಲು ಆರಿ ಅಂಟಿನಂಥ ಪದರು ಕಟ್ಟಿರುತ್ತದೆ. ಡಬ್ಬಿಯಿಂದ ಪೆಟ್ರೋಲು ಸುರಿಯುವಾಗ ಬಾಯಿಯ ಸುತ್ತಲಿನ ಧೂಳು ಒಳಗೆ ಇಳಿಯುತ್ತದೆ. ಮುದಿಯಾದ ರಬ್ಬರು ನಳಿಗೆ ಒಳಗೊಳಗೇ ಚೂರುಚೂರಾಗಿ ಉದುರುತ್ತದೆ.

ಈ ಹಳೆಯ ಕಾರಣಗಳಿಗೆ ಈಚೆಗೆ ಒಂದು ಹೊಸದು ಕೂಡಿಕೊಂಡಿದೆ. 2023ರ ಫೆಬ್ರುವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ, ನೂರಕ್ಕೆ ಇಪ್ಪತ್ತು ಪಾಲು ಎಥೆನಾಲು ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಕೊಡಲಾಯಿತು. 2025ರ ಹೊತ್ತಿಗೆ ದೇಶದ ತುಂಬ ಈ ಮಿಶ್ರಣವೇ ಸಾಮಾನ್ಯವಾಯಿತು. ಎಥೆನಾಲು ಎಂದರೆ ಮದ್ಯಸಾರ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರಖಾನೆಗಳಲ್ಲಿ ಕಬ್ಬಿನ ಕಾಕಂಬಿಯಿಂದಲೂ ರಸದಿಂದಲೂ ತಯಾರಾಗುವಂಥದು. ಇದಕ್ಕೆಂದೇ ರಚಿಸಿದ ಹೊಸ ಕಾರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಹಳೆಯ ಕಾರಿನಲ್ಲಿ ಇದು ಮೂರು ಕೆಲಸ ಮಾಡಬಲ್ಲದು. ವರ್ಷಗಳಿಂದ ಟಾಕಿಯ ತಳಕ್ಕೆ ಅಂಟಿಕೊಂಡಿದ್ದ ಕೊಳೆಯನ್ನು ಕರಗಿಸಿ ಎಬ್ಬಿಸುತ್ತದೆ. ಗಾಳಿಯೊಳಗಿನ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲು ಆ ನೀರಿನೊಡನೆ ಕೂಡಿ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಮೂರನೆಯದಾಗಿ, ಇದಕ್ಕೆ ಒಗ್ಗದ ಹಳೆಯ ರಬ್ಬರನ್ನು ಉಬ್ಬಿಸಿ, ಮೆತ್ತಗಾಗಿಸಿ, ಕೊನೆಗೆ ಬಿರಿಯುವಂತೆ ಮಾಡುತ್ತದೆ. ಹೀಗಾಗಿ ಹತ್ತು ವರ್ಷ ತಂಟೆ ಮಾಡದ ಕಾರು ಒಮ್ಮೆಲೇ ಕಸ ಉಗುಳತೊಡಗಿದರೆ ಆಶ್ಚರ್ಯವಿಲ್ಲ.

ಇನ್ನು ಸೋಸುಕದ ಮಾತು. ಫಿಲ್ಟರಿಗೆ ಸೋಸುಕ ಎಂಬ ನಮ್ಮ ಮಾತೇ ಸಾಕು. ಹಾಲು ಸೋಸುವ ಅರಿವೆಗೂ ಇದಕ್ಕೂ ತತ್ವ ಒಂದೇ. ಅದರ ಕಣ್ಣಿನ ಅಳತೆಯನ್ನು ಮೈಕ್ರಾನುಗಳಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನು ದಪ್ಪ. ತಂತಿಯ ಜಾಲರಿಯ ಒರಟು ಸೋಸುಕಗಳು 100 ಮೈಕ್ರಾನಿನ ಆಸುಪಾಸಿನವು. ಮಡಿಕೆ ಮಡಿಕೆಯಾದ ಕಾಗದದ ನವುರು ಸೋಸುಕಗಳು 10 ಮೈಕ್ರಾನಿನ ಆಸುಪಾಸಿನವು. ನಮ್ಮ ಎರೆಮಣ್ಣಿನ ಜೇಡಿಕಣವಾದರೋ 2 ಮೈಕ್ರಾನಿಗಿಂತಲೂ ಸಣ್ಣದು. ಅಂದರೆ ಒಂಟಿಯಾಗಿ ಬಂದ ಎರೆಯ ಕಣ ಕಾಗದದ ಸೋಸುಕವನ್ನೂ ದಾಟಿ ಹೋಗಬಲ್ಲದು. ಆದುದರಿಂದ ಧೂಳಿಗೆ ಮೊದಲ ಮದ್ದು ಸೋಸುಕವಲ್ಲ. ಟಾಕಿಯ ಬಿಗಿಯಾದ ಮುಚ್ಚಳ ಮತ್ತು ಸುರಿಯುವ ಮುನ್ನ ಬಾಯಿಯನ್ನು ಒರೆಸುವ ಅರಿವೆ.

"ಹಾಗಾದರೆ ಇನ್ನೂ ಸಣ್ಣ ಕಣ್ಣಿನದನ್ನೇ ಹಾಕಿದರಾಯಿತಲ್ಲ?" ಎಂದು ನೀವು ಕೇಳಬಹುದು. ಇಲ್ಲಿಯೇ ಮುಖ್ಯ ಮಾತಿದೆ. ಸೋಸುವದೆಂದರೆ ತಡೆಯುವದು. ಕಸವನ್ನು ತಡೆಯುವ ಸೋಸುಕ ಪೆಟ್ರೋಲನ್ನೂ ಅಷ್ಟಿಷ್ಟು ತಡೆಯುತ್ತದೆ. ಕಣ್ಣು ಸಣ್ಣದಾದಷ್ಟೂ ತಡೆ ಹೆಚ್ಚು. ಕಸ ತುಂಬಿದಷ್ಟೂ ತಡೆ ಹೆಚ್ಚು. ಹರಿವು ಜೋರಾದಷ್ಟೂ ತಡೆ ಹೆಚ್ಚು. ಕೊನೆಯದನ್ನು ಜನ ಮರೆಯುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಲೀಟರಿಗೆ 15 ಕಿಲೋಮೀಟರು ಕೊಡುವ ಕಾರು ಗಂಟೆಗೆ 60 ಕಿಲೋಮೀಟರಿನಂತೆ ಓಡುತ್ತಿದ್ದರೆ ಗಂಟೆಗೆ 4 ಲೀಟರು ಪೆಟ್ರೋಲು ಸಾಕು. ಅದೇ ಎಂಜಿನ್ನು ತನ್ನ 100 ಅಶ್ವಶಕ್ತಿಯನ್ನು ಪೂರ್ತಿಯಾಗಿ ಹೊರಹಾಕುವಾಗ ಗಂಟೆಗೆ ಸುಮಾರು 30 ಲೀಟರಿನ ವೇಗದಲ್ಲಿ, ಎಂದರೆ ಮಿನಿಟಿಗೆ ಅರ್ಧ ಲೀಟರಿನಂತೆ ಕುಡಿಯುತ್ತದೆ. ಬೇಡಿಕೆ ಏಳೆಂಟು ಪಟ್ಟು ಏರಿತು. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೇ ಶಕ್ತಿಯಿರುವದರಿಂದ, ಇಪ್ಪತ್ತರ ಮಿಶ್ರಣದಲ್ಲಿ ಅದೇ ಕೆಲಸಕ್ಕೆ ನೂರಕ್ಕೆ ಆರೇಳು ಪಾಲು ಹೆಚ್ಚೇ ಬೇಕು. ಊರೊಳಗೆ ನಾಲ್ಕು ಲೀಟರನ್ನು ಸರಾಗವಾಗಿ ಬಿಟ್ಟುಕೊಟ್ಟ ಪುಟ್ಟ ಸೋಸುಕ ಏರಿನಲ್ಲಿ ಮೂವತ್ತು ಲೀಟರನ್ನು ಬಿಟ್ಟುಕೊಡಲಾರದು. ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದ ಮಿಶ್ರಣ ಪೂರ್ಣ ಹೊರೆಯಲ್ಲಿ ವಿಪರೀತ ಕಾಯುತ್ತದೆ, ಬಡಿಯುತ್ತದೆ. ಸಾಧಾರಣ ಎಂಜಿನ್ನು ಕೆಮ್ಮಿ ನಿಂತೀತು, ಬಲ ಹೆಚ್ಚಿಸಿದ ಎಂಜಿನ್ನಿನಲ್ಲಿ ಪಿಸ್ಟನ್ನಿನ ತಲೆಯೇ ಸುಟ್ಟು ತೂತಾದೀತು. ಎಂಜಿನ್ನನ್ನು ಕಾಯಲೆಂದು ಹಾಕಿದ ವಸ್ತುವೇ ಅದನ್ನು ಕೊಂದಂತಾಯಿತು. ಮೂಗಿಗಿಂತ ಮೂಗುತಿ ಭಾರವಾಗಬಾರದು.

ಇದಕ್ಕೆ ಪರಿಹಾರ ಒರಟು ಕಣ್ಣಲ್ಲ, ದೊಡ್ಡ ಮೈ. ಕಾಗದದ ಸೋಸುಕದೊಳಗೆ ಮಡಿಕೆಗಳಿರುವದು ಇದಕ್ಕಾಗಿಯೇ; ಬಿಚ್ಚಿ ಹರವಿದರೆ ಹಲವು ಅಂಗೈಗಳಷ್ಟು ಅಗಲ ಬರುತ್ತದೆ. ಕಣ್ಣು ಅಷ್ಟೇ ಇದ್ದು ಹರವು ಇಮ್ಮಡಿಯಾದರೆ ತಡೆ ಅರ್ಧವಾಗುತ್ತದೆ, ಕಸ ಹಿಡಿಯುವ ಜಾಗ ಎರಡರಷ್ಟಾಗುತ್ತದೆ. ಆದುದರಿಂದ ಅಂಗಡಿಯಲ್ಲಿ "ಎಷ್ಟು ಮೈಕ್ರಾನು?" ಎಂದಷ್ಟೇ ಕೇಳದೆ, "ಗಂಟೆಗೆ ಎಷ್ಟು ಲೀಟರು ಬಿಟ್ಟುಕೊಡುತ್ತದೆ? ಎಷ್ಟು ಒತ್ತಡ ತಾಳುತ್ತದೆ?" ಎಂದೂ ಕೇಳಿರಿ. ಇಂಜೆಕ್ಷನ್ನಿನ ಕಾರಿನಲ್ಲಿ ಎಂಜಿನ್ನು ಕುಡಿಯುವಷ್ಟನ್ನಲ್ಲ, ಪಂಪು ತಳ್ಳುವಷ್ಟನ್ನು ಲೆಕ್ಕ ಹಿಡಿಯಬೇಕು. ಹೆಚ್ಚಾದದ್ದು ಟಾಕಿಗೆ ಮರಳಿದರೂ ಸೋಸುಕವನ್ನು ದಾಟಿಯೇ ಮರಳುವದು ವಾಡಿಕೆ.

ಇನ್ನು, ಅದನ್ನು ಎಲ್ಲಿ ಕೂಡಿಸಬೇಕು? ಇದನ್ನು ರೈತನಿಗೆ ಬೇರೆ ಹೇಳಬೇಕಾಗಿಲ್ಲ. ಬಾವಿಯೊಳಗೆ ಇಳಿಬಿಟ್ಟ ಹೀರುಕೊಳವೆಯ ತುದಿಗೆ, ಫುಟ್ ವಾಲ್ವಿನ ಬಳಿ, ಯಾವ ಜಾಲರಿ ಇರುತ್ತದೆ? ಎಲೆ, ಕಡ್ಡಿ ಬರದಂತೆ ತಡೆಯುವ ದೊಡ್ಡ ಕಣ್ಣಿನ ಜಾಲರಿ. ಅದೇ ನೀರನ್ನು ಹನಿ ನೀರಾವರಿಗೆ ಬಿಡುವಾಗ ಸುಮಾರು 130 ಮೈಕ್ರಾನಿನ ನವುರು ಸೋಸುಕವನ್ನು ಎಲ್ಲಿ ಕೂಡಿಸುತ್ತೀರಿ? ಪಂಪಿನ ಆಚೆ, ಒತ್ತಡದ ಕಡೆ. ಇದನ್ನು ಅದಲು ಬದಲು ಮಾಡಿ ನವುರು ಸೋಸುಕವನ್ನು ಬಾವಿಯೊಳಗೆ ಕಟ್ಟಿದರೆ ಪಂಪು ನೀರಿಲ್ಲದೆ ಒದ್ದಾಡುತ್ತದೆ. ಪಂಪು ತಳ್ಳಬಲ್ಲದು, ಹೀರುವದರಲ್ಲಿ ಅದರ ಶಕ್ತಿ ಬಹಳ ಕಡಿಮೆ.

ಪೆಟ್ರೋಲಿಗೂ ಇದೇ ನ್ಯಾಯ, ಅದೂ ನೀರಿಗಿಂತ ಕಟ್ಟುನಿಟ್ಟಾಗಿ. ಪೆಟ್ರೋಲು ಬೇಗ ಆವಿಯಾಗುವ ದ್ರವ. ಹೀರುವ ಕಡೆಯಲ್ಲಿ ತಡೆ ಬಿದ್ದರೆ ಅಲ್ಲಿ ಒತ್ತಡ ಇಳಿಯುತ್ತದೆ. ಒತ್ತಡ ಇಳಿದ ಪೆಟ್ರೋಲು ವೈಶಾಖದ ಬಿಸಿಲಿನಲ್ಲಿ ನಳಿಗೆಯೊಳಗೇ ಕುದ್ದು ಗುಳ್ಳೆಗಟ್ಟುತ್ತದೆ. ಪಂಪಿಗೆ ಸಿಕ್ಕುವದು ದ್ರವವಲ್ಲ, ಆವಿ. ಎಂಜಿನ್ನು ನಿಲ್ಲುತ್ತದೆ, ತಣ್ಣಗಾದ ಮೇಲೆ ಮತ್ತೆ ಹೊರಡುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ರಾಲಿ ಓಡುವಂಥ ಪೈಪೋಟಿಯ ಕಾರುಗಳನ್ನು ಸಜ್ಜು ಮಾಡುವವರ ವಾಡಿಕೆಯೂ ಇದೇ: ಪಂಪಿನ ಮುಂಚೆ 100 ಮೈಕ್ರಾನಿನ ಉಕ್ಕಿನ ಜಾಲರಿ, ಪಂಪಿನ ಆಚೆ 10 ಮೈಕ್ರಾನಿನ ನವುರು ಸೋಸುಕ. ಒರಟಿನದು ಪಂಪನ್ನು ಕಾಯುತ್ತದೆ, ನವುರಿನದು ಚುಚ್ಚುಗೊಳವೆಯನ್ನು ಕಾಯುತ್ತದೆ.

ಕಾರ್ಬುರೇಟರಿನ ಕಾರಿನ ಪಂಪು ಚದರ ಅಂಗುಲಕ್ಕೆ ಮೂರರಿಂದ ಐದು ಪೌಂಡಿನಷ್ಟೇ ಒತ್ತುತ್ತದೆ. ಅದಕ್ಕೆ ಪಾರದರ್ಶಕವಾದ ಪ್ಲಾಸ್ಟಿಕ್ಕಿನ ಸೋಸುಕ ನಡೆದೀತು. ಇಂಜೆಕ್ಷನ್ನಿನ ಕಾರಿನಲ್ಲಿ ಆ ಒತ್ತಡ ನಾಲ್ವತ್ತರಿಂದ ಅರವತ್ತು ಪೌಂಡು. ಇಲ್ಲಿ ಆ ಪ್ಲಾಸ್ಟಿಕ್ಕಿನ ಡಬ್ಬಿ ಸಿಡಿಯುತ್ತದೆ, ಇಲ್ಲವೆ ಜೋಡಣೆಯಿಂದ ಕಳಚಿಕೊಳ್ಳುತ್ತದೆ. ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ಕಾರಂಜಿಯಂತೆ ಚಿಮ್ಮುತ್ತದೆ. ಅಂಥ ಕಾರಿಗೆ ಲೋಹದ ಮೈಯಿನ, ಆ ಒತ್ತಡಕ್ಕೆಂದೇ ಮಾಡಿದ ಸೋಸುಕವೇ ಬೇಕು. ರಭಸದಿಂದ ಹರಿಯುವ ಪೆಟ್ರೋಲು ಕಾಗದವನ್ನು ಉಜ್ಜುತ್ತ ಸ್ಥಿರವಿದ್ಯುತ್ತನ್ನು ಹುಟ್ಟಿಸುತ್ತದೆ. ಲೋಹದ ಮೈಯನ್ನು ಕಾರಿನ ಚೌಕಟ್ಟಿಗೆ ಲೋಹದ ಪಟ್ಟಿಯಿಂದಲೇ ಕೂಡಿಸಿದರೆ ಆ ವಿದ್ಯುತ್ತು ಕಿಡಿಯಾಗದೆ ಹರಿದುಹೋಗುತ್ತದೆ.

ನಳಿಗೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ನೀರಿನ ನಳಿಗೆ ಬೇಡವೇ ಬೇಡ. ಪೆಟ್ರೋಲಿನ ರಬ್ಬರು ನಳಿಗೆಯ ಮೇಲೆ ಅದರ ದರ್ಜೆಯನ್ನು ಅಚ್ಚು ಹಾಕಿರುತ್ತಾರೆ. ಎಸ್‌ಎಇ ಜೆ30 ಎಂಬ ಮಾನದಂಡದಲ್ಲಿ ಆರ್6, ಆರ್7 ಎಂಬವು ಕಡಿಮೆ ಒತ್ತಡದವು. ಆರ್9 ಇಂಜೆಕ್ಷನ್ನಿನ ಒತ್ತಡಕ್ಕೆ ಮಾಡಿದ್ದು, ಒಳಗೆ ಎಥೆನಾಲನ್ನು ತಾಳುವ ಪದರು ಉಳ್ಳದ್ದು. ಹಳೆಯ ಕಾರಿಗೆ ಹೊಸ ಸೋಸುಕ ಹಾಕುವಾಗ ಹಳೆಯ ರಬ್ಬರನ್ನೂ ಪೂರ್ತಿ ಬದಲಿಸುವದು ಜಾಣತನ. ಸೋಸುಕದ ಆಚೆಗಿನ ನಳಿಗೆಯೇ ಉದುರುತ್ತಿದ್ದರೆ ಸೋಸಿ ಫಲವೇನು?

ಇನ್ನು ಕೆಲಸಕ್ಕೆ ತೊಡಗೋಣ. ಮೊದಲು ಜಾಗವನ್ನು ಆರಿಸಿರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗುವದಿಲ್ಲ, ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ, ದೂರದ ಒಲೆಯ ಕಿಡಿಯನ್ನು ಮುಟ್ಟಿ ಹಿಂದಿರುಗಿ ಬರಬಲ್ಲದು. ಆದುದರಿಂದ ಮುಚ್ಚಿದ ಕೋಣೆಯೂ ಬೇಡ, ಗ್ಯಾರೇಜಿನ ತಗ್ಗು ಗುಂಡಿಯೂ ಬೇಡ. ಬಯಲಲ್ಲಿ, ಹಗಲಿನಲ್ಲಿ ಮಾಡಿರಿ. ಬೀಡಿ ಸೇದುವವರನ್ನು ದೂರ ಕಳಿಸಿರಿ. ಒಣಪುಡಿಯ ಬೆಂಕಿ ಆರಿಸುವ ಸಾಧನ ಕೈಗೆಟಕುವಂತಿರಲಿ. ಪೆಟ್ರೋಲಿನ ಬೆಂಕಿಗೆ ನೀರು ಸುರಿದರೆ ಅದು ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ.

ಎಂಜಿನ್ನು ತಣ್ಣಗಾಗಿರಬೇಕು. ಇಂಜೆಕ್ಷನ್ನಿನ ಕಾರಾದರೆ ಪಂಪಿನ ಫ್ಯೂಜನ್ನು ಕಿತ್ತು ಎಂಜಿನ್ನನ್ನು ಚಾಲೂ ಮಾಡಿರಿ. ನಳಿಗೆಯಲ್ಲಿ ಉಳಿದ ಪೆಟ್ರೋಲನ್ನು ಕುಡಿದು ಅದು ತಾನೇ ನಿಲ್ಲುತ್ತದೆ. ಹೀಗೆ ಒತ್ತಡ ಇಳಿದ ಮೇಲೆ ಎಂಜಿನ್ನು ಆರುವ ತನಕ ಕಾದು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿರಿ. ನಳಿಗೆಯ ಕೆಳಗೆ ಲೋಹದ ಪಾತ್ರೆ ಇಡಿರಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿರಿ. ಕಾರಿನಲ್ಲಿ ಎರಡು ನಳಿಗೆಗಳಿದ್ದರೆ ಎಂಜಿನ್ನಿಗೆ ಹೋಗುವದು ಯಾವದು, ಟಾಕಿಗೆ ಮರಳುವದು ಯಾವದು ಎಂದು ಖಚಿತ ಮಾಡಿಕೊಳ್ಳಿರಿ. ಮರಳುವ ನಳಿಗೆಗೆ ಸೋಸುಕ ಹಾಕಿದರೆ ಒತ್ತಡವೆಲ್ಲ ಕೆಡುತ್ತದೆ.

ಸೋಸುಕ ಕೂಡುವ ಜಾಗ ಹೊಗೆಕೊಳವೆಯಿಂದ, ತಿರುಗುವ ಪಟ್ಟಿ, ಪಂಖಗಳಿಂದ ದೂರವಿರಬೇಕು. ಕೆಳಗಿನಿಂದ ಕಲ್ಲು ಬಡಿಯಬಾರದು. ಜನ ಕೂಡುವ ಜಾಗದೊಳಗಂತೂ ಇರಲೇಕೂಡದು. ನಳಿಗೆಯನ್ನು ಹರಿತವಾದ ಅಲಗಿನಿಂದ ನೇರವಾಗಿ ಕೊಯ್ಯಿರಿ; ಗರಗಸ ತಾಗಿಸಿದರೆ ಅದರ ಪುಡಿಯೇ ಹೊಸ ಕಸವಾಗುತ್ತದೆ. ಸೋಸುಕದ ಮೈಮೇಲೆ ಬಾಣದ ಗುರುತಿರುತ್ತದೆ. ಅದು ಎಂಜಿನ್ನಿನ ಕಡೆಗೆ ಮುಖ ಮಾಡಿರಲಿ. ಸಾಧ್ಯವಿದ್ದರೆ ಹೊರಹೋಗುವ ಬಾಯಿ ಮೇಲಕ್ಕಿರಲಿ. ಒಳಗಿನ ಗಾಳಿ ತಾನಾಗಿ ಹೊರಡುತ್ತದೆ. ನಳಿಗೆಯ ಒಳ ಅಳತೆಯೂ ಸೋಸುಕದ ಮೂತಿಯ ಅಳತೆಯೂ ಒಂದೇ ಇರಬೇಕು. ಸಡಿಲಾದದ್ದನ್ನು ಕ್ಲಿಪ್ಪಿನಿಂದ ಬಿಗಿದು ಸರಿಪಡಿಸುತ್ತೇನೆ ಎನ್ನುವದು ಸಲ್ಲದು. ಅಂಚು ಮಡಿಚಿದ ಕ್ಲಿಪ್ಪು ಒಳ್ಳೆಯದು. ಹಲ್ಲು ಕೊರೆದ ಸಾದಾ ಪಟ್ಟಿ ರಬ್ಬರನ್ನು ಕಡಿಯುತ್ತದೆ. ಕೊನೆಗೆ ಸೋಸುಕವನ್ನು ಚೌಕಟ್ಟಿಗೆ ಪಟ್ಟಿಯಿಂದ ಭದ್ರಪಡಿಸಿರಿ. ನಳಿಗೆಗೆ ಜೋತುಬಿದ್ದ ಸೋಸುಕ ನಮ್ಮ ರಸ್ತೆಗಳ ಕುಲುಕಾಟಕ್ಕೆ ಒಂದು ದಿನ ಜಾರಿಯೇ ಜಾರುತ್ತದೆ.

ಬ್ಯಾಟರಿ, ಫ್ಯೂಜುಗಳನ್ನು ಮೊದಲಿನಂತೆ ಕೂಡಿಸಿ, ಎಂಜಿನ್ನನ್ನು ಚಾಲೂ ಮಾಡದೆ ಕೀಲಿಯನ್ನು ಎರಡು ಮೂರು ಸಲ ತಿರುಗಿಸಿ ಪೆಟ್ರೋಲು ತುಂಬಿಸಿರಿ. ಪ್ರತಿ ಜೋಡಣೆಯನ್ನೂ ಒಣ ಬೆರಳಿನಿಂದ ಮುಟ್ಟಿ ನೋಡಿರಿ. ಒಂದು ಹನಿ ಕಂಡರೂ ಚಾಲೂ ಮಾಡಬೇಡಿರಿ. ಎಲ್ಲ ಒಣಗಿದ್ದರೆ ಎಂಜಿನ್ನು ಓಡಿಸಿ ಮತ್ತೊಮ್ಮೆ ನೋಡಿರಿ. ಐವತ್ತು ಕಿಲೋಮೀಟರು ಓಡಿದ ಮೇಲೆ ಮಗುದೊಮ್ಮೆ ನೋಡಿರಿ. ಹೊಸ ರಬ್ಬರು ಕಾದು ಕೂತುಕೊಳ್ಳುವಾಗ ಕ್ಲಿಪ್ಪು ಸಡಿಲಾಗುವದುಂಟು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಈಚಿನ ವರ್ಷಗಳ ಕಾರುಗಳಲ್ಲಿ ಸೋಸುಕವು ಪಂಪಿನೊಡನೆ ಟಾಕಿಯೊಳಗೇ ಕುಳಿತಿರುತ್ತದೆ. ನಳಿಗೆಗಳು ಗಟ್ಟಿ ನೈಲಾನಿನವು. ಅವನ್ನು ಕೊಯ್ದು ನಡುವೆ ರಬ್ಬರು ಸೇರಿಸುವದು ಇಲ್ಲದ ರೋಗಕ್ಕೆ ಮದ್ದು ಕುಡಿದಂತೆ. ಅಂಥ ಕಾರು ಕೆಮ್ಮಿದರೆ ಒಳಗಿನ ಸೋಸುಕವನ್ನೇ ಬದಲಿಸಬೇಕು.

ಹಾಕಿದ ಸೋಸುಕವನ್ನು ಮರೆಯಬೇಡಿರಿ. ಹಳೆಯ ಟಾಕಿಗೆ ಹಾಕಿದ ಮೊದಲ ಸೋಸುಕ ಬೇಗ ತುಂಬುತ್ತದೆ. ಕೆಲವು ವಾರಗಳಲ್ಲಿಯೇ ಅದನ್ನು ಬಿಚ್ಚಿ, ಒಳಗಿನ ಪೆಟ್ರೋಲನ್ನು ಬಿಳಿಯ ತಟ್ಟೆಯಲ್ಲಿ ಸುರಿದು ಬೆಳಕಿಗೆ ಹಿಡಿಯಿರಿ. ಕೆಂಪು ಪುಡಿ ಕಂಡರೆ ಟಾಕಿಯ ತುಕ್ಕು. ಕರಿಯ ಮೆತ್ತನೆಯ ಚೂರು ಕಂಡರೆ ನಳಿಗೆಯ ರಬ್ಬರು. ತಳದಲ್ಲಿ ಬೇರೆಯಾಗಿ ನಿಂತ ಪದರು ಕಂಡರೆ ನೀರು. ಕಾಗದದ ಸೋಸುಕಕ್ಕೆ ಅದನ್ನು ತಡೆಯುವ ಶಕ್ತಿಯಿಲ್ಲ, ಟಾಕಿಯನ್ನೇ ಬರಿದು ಮಾಡಬೇಕು. ಬೂದುಗಪ್ಪು ನುಣ್ಣನೆಯ ಕೆಸರು ಕಂಡರೆ ಅದು ನಮ್ಮ ಎರೆಯ ಧೂಳು. ಮುಚ್ಚಳದ ರಬ್ಬರು ಬಳೆ ಹರಿದಿದೆಯೇ ನೋಡಿರಿ.

ಹೀಗೆ ನೋಡಿದರೆ ಸೋಸುಕ ಕಾವಲುಗಾರನಿಗಿಂತ ಹೆಚ್ಚಾಗಿ ಸಾಕ್ಷಿದಾರ. ಕಸವನ್ನು ಅದು ಹಿಡಿದು ತೋರಿಸುತ್ತದೆ. ಕಸದ ಹುಟ್ಟನ್ನು ಅಡಗಿಸುವ ಕೆಲಸ ನಮ್ಮದು. ಟಾಕಿ ತೊಳೆಯದೆ ಮೂರು ಸೋಸುಕ ಹಾಕುವದಕ್ಕಿಂತ ಟಾಕಿ ತೊಳೆದು ಒಂದನ್ನು ಹಾಕುವದು ಲೇಸು. ನಿಲ್ಲಿಸುವ ಕಾರಿನ ಟಾಕಿಯನ್ನು ತುಂಬಿಸಿಡುವದು, ಮುಚ್ಚಳವನ್ನು ಒರೆಸಿ ತೆಗೆಯುವದು, ಹಳೆಯ ರಬ್ಬರನ್ನು ಕಾಲಕ್ಕೆ ಸರಿಯಾಗಿ ಬದಲಿಸುವದು—ಇವು ಹಣದ ಕೆಲಸಗಳಲ್ಲ, ಗಮನದ ಕೆಲಸಗಳು. ಇಷ್ಟನ್ನು ಮಾಡಿ, ತಕ್ಕ ಅಳತೆಯ ಸೋಸುಕವನ್ನು ತಕ್ಕ ಜಾಗದಲ್ಲಿ ಕೂಡಿಸಿದರೆ, ಮುಂದಿನ ಬೇಸಗೆಯಲ್ಲಿ ಗುಡ್ಡದ ಏರಿನ ನಡುವೆ ಇಳಿದು ಬಾನೆಟ್ಟು ಎತ್ತುವ ಪ್ರಸಂಗ ಬರಲಾರದು. ಎತ್ತುವದೇ ಆದರೆ ಮನೆಯ ಮುಂದೆ, ತಣ್ಣಗೆ, ಹಗಲಲ್ಲಿ ಎತ್ತಿ ನೋಡಿರಿ. ಜೋಡಣೆಗಳೆಲ್ಲ ಒಣಗಿವೆಯೇ ಎಂದು ಒಮ್ಮೆ ಬೆರಳಾಡಿಸಿರಿ.